ಗುಳ್ಳೆಗಿಂತ ಮೊದಲು ಅಲೆ

ಮರಳಿನಂಥ ಕಣಗಳನ್ನು ಕೊಳವೆಯೊಂದರಲ್ಲಿ ತುಂಬಿ ತಳದಿಂದ ಗಾಳಿಯನ್ನೋ ನೀರನ್ನೋ ಮೇಲಕ್ಕೆ ಹಾಯಿಸುತ್ತ ಹೋದರೆ, ಒಂದು ಹಂತದಲ್ಲಿ ಹರಿವಿನ ಎಳೆತವು ಕಣಗಳ ಭಾರವನ್ನು ಸರಿದೂಗಿಸುತ್ತದೆ. ಗಟ್ಟಿಯಾಗಿ ಕೂತಿದ್ದ ರಾಶಿ ಆಗ ಸಡಿಲಗೊಂಡು ದ್ರವದ ಹಾಗೆ ನಡೆದುಕೊಳ್ಳತೊಡಗುತ್ತದೆ. ಕೊಳವೆಯನ್ನು ವಾಲಿಸಿದರೂ ಮೇಲ್ಮೈ ಮಟ್ಟಸವಾಗಿಯೇ ಉಳಿಯುತ್ತದೆ, ಪಕ್ಕಕ್ಕೆ ತೂತು ಕೊರೆದರೆ ಕಣಗಳು ಹರಿದು ಬರುತ್ತವೆ, ಹಗುರ ವಸ್ತು ತೇಲುತ್ತದೆ, ಭಾರದ್ದು ಮುಳುಗುತ್ತದೆ. ಎಂಜಿನಿಯರುಗಳು ಇದನ್ನು ಫ್ಲೂಯಿಡೈಸ್ಡ್ ಬೆಡ್ ಎನ್ನುತ್ತಾರೆ. ಇಲ್ಲಿ ಅದನ್ನು ಹಾಸು ಎಂದು ಕರೆಯೋಣ. ಹರಿವನ್ನು ಇನ್ನಷ್ಟು ಹೆಚ್ಚಿಸಿದಾಗ ಎರಡು ಬಗೆಯ ನಡವಳಿಕೆ ಕಾಣುತ್ತದೆ. ಹಾಯುತ್ತಿರುವುದು ನೀರಾದರೆ ಹಾಸು ಸಾಮಾನ್ಯವಾಗಿ ಸದ್ದಿಲ್ಲದೆ ಹಿಗ್ಗುತ್ತದೆ. ಗಾಳಿಯಾದರೆ ಕುದಿಯುವ ಗಂಜಿಯಂತೆ ಕೊತಕೊತಿಸುತ್ತದೆ. ಕಣಗಳೇ ಇಲ್ಲದ ಖಾಲಿ ಗುಳ್ಳೆಗಳು ತಳದ ಹತ್ತಿರ ಹುಟ್ಟಿ, ಒಂದಕ್ಕೊಂದು ಸೇರಿ ದೊಡ್ಡದಾಗುತ್ತ ಮೇಲೇರಿ, ಮೇಲ್ಮೈಯಲ್ಲಿ ಒಡೆಯುತ್ತವೆ. ಈ ಗುಳ್ಳೆಗಳು ಏಕೆ ಹುಟ್ಟುತ್ತವೆ? ಕೈಗಾರಿಕೆ ಇಂಥ ಹಾಸನ್ನು ಬಳಸತೊಡಗಿ ಅರ್ಧ ಶತಮಾನ ಕಳೆದರೂ ಈ ಪ್ರಶ್ನೆಗೆ ಒಪ್ಪುವಂಥ ಉತ್ತರ ಇರಲಿಲ್ಲ. ಉತ್ತರದ ಹಾದಿ ತಿರುಗಿದ್ದು 1976ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ ಪ್ರದೇಶದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕೆಮಿಕಲ್ ಎಂಜಿನಿಯರಿಂಗ್ ವಿಭಾಗದಲ್ಲಿ. ಗುಳ್ಳೆ ಹೇರಳವಾಗಿರುವ ಗಾಳಿಯ ಹಾಸಿನಲ್ಲಿ ಹುಡುಕಿದವರಿಗೆ ಅದರ ಹುಟ್ಟು ಕಾಣಿಸಲಿಲ್ಲ, ಗುಳ್ಳೆ ಅಪರೂಪವಾದ ನೀರಿನ ಹಾಸನ್ನು ತಾಳ್ಮೆಯಿಂದ ನೋಡಿದವರಿಗೆ ಕಾಣಿಸಿತು ಎಂಬುದು ಈ ಲೇಖನದ ವಾದ.

ಕೈಗಾರಿಕೆಯ ಕಥೆ ಜರ್ಮನಿಯಲ್ಲಿ ಶುರುವಾಗುತ್ತದೆ. ಫ್ರಿಟ್ಜ್ ವಿಂಕ್ಲರ್ 1920ರ ದಶಕದ ಆರಂಭದಲ್ಲಿ ಕಲ್ಲಿದ್ದಲಿನ ಸಣ್ಣ ಕಣಗಳನ್ನು ಅನಿಲದ ಹರಿವಿನಲ್ಲಿ ಕುದಿಸಿದಂತೆ ಆಡಿಸುತ್ತ ಅನಿಲ ಇಂಧನ ತಯಾರಿಸುವ ವಿಧಾನ ರೂಪಿಸಿದ. 1926ರಲ್ಲಿ ಲೊಯ್ನಾ ಕಾರ್ಖಾನೆಯಲ್ಲಿ ಅದು ದೊಡ್ಡ ಪ್ರಮಾಣದಲ್ಲಿ ನಡೆಯಿತು. ಆದರೆ ಇಂಥ ಹಾಸನ್ನು ಜಗತ್ತಿನಾದ್ಯಂತ ಹರಡಿಸಿದ್ದು ಎರಡನೆಯ ಮಹಾಯುದ್ಧ. ಯುದ್ಧವಿಮಾನಗಳಿಗೆ ಒಳ್ಳೆಯ ಪೆಟ್ರೋಲು ಬೇಕಿತ್ತು. ಕಚ್ಚಾ ತೈಲದ ಭಾರವಾದ ಅಣುಗಳನ್ನು ಒಡೆಯುವ ವೇಗವರ್ಧಕದ ಮೇಲೆ ಕೆಲವೇ ನಿಮಿಷಗಳಲ್ಲಿ ಇಂಗಾಲ ಹತ್ತಿಕೊಳ್ಳುತ್ತಿತ್ತು, ಅದನ್ನು ಸುಟ್ಟು ತೆಗೆಯಲು ಪ್ರತಿ ಸಲವೂ ಕೆಲಸ ನಿಲ್ಲಿಸಬೇಕಾಗಿತ್ತು. ಎಂಐಟಿಯ ವಾರೆನ್ ಲೂಯಿಸ್ ಮತ್ತು ಎಡ್ವಿನ್ ಗಿಲಿಲೆಂಡ್ ಅವರ ಸಲಹೆ, ಸ್ಟ್ಯಾಂಡರ್ಡ್ ಆಯಿಲ್ ಕಂಪನಿಯ ನಾಲ್ವರು ಸಂಶೋಧಕರ ದುಡಿಮೆ ಸೇರಿ ಪರಿಹಾರ ಸಿಕ್ಕಿತು: ವೇಗವರ್ಧಕವನ್ನೇ ನುಣ್ಣನೆಯ ಪುಡಿ ಮಾಡಿ, ಅನಿಲದಲ್ಲಿ ತೇಲಿಸಿ, ಒಂದು ಪಾತ್ರೆಯಲ್ಲಿ ಕೆಲಸ ಮಾಡಿಸಿ ಇನ್ನೊಂದರಲ್ಲಿ ಸುಟ್ಟು ಶುದ್ಧಗೊಳಿಸಿ ಬಿಡುವಿಲ್ಲದೆ ತಿರುಗಿಸುವುದು. ಮೊದಲ ಘಟಕ ಲೂಯಿಸಿಯಾನಾದ ಬ್ಯಾಟನ್ ರೂಜ್‌ನಲ್ಲಿ 1942ರ ಮೇ ತಿಂಗಳಲ್ಲಿ ಚಾಲನೆಗೊಂಡಿತು. ಸ್ಟ್ಯಾನ್‌ಫರ್ಡ್ ಇರುವ ಕೊಲ್ಲಿಯ ಇನ್ನೊಂದು ದಂಡೆಯಲ್ಲಿ, 1902ರಿಂದ ನಡೆಯುತ್ತಿರುವ ರಿಚ್ಮಂಡ್‌ನ ಶುದ್ಧೀಕರಣಾಗಾರದಲ್ಲೂ ಇದೇ ಜಾತಿಯ ಘಟಕವಿದೆ. ನಮ್ಮ ಮಂಗಳೂರಿನ ಎಂಆರ್‌ಪಿಎಲ್‌ನಲ್ಲೂ ಇದೆ. ಅಂದರೆ ಗುಳ್ಳೆಗಳ ಕಾರಣ ತಿಳಿಯುವ ಮೊದಲೇ ಗುಳ್ಳೆಗಳೊಂದಿಗೆ ಬಾಳುವುದನ್ನು ಕೈಗಾರಿಕೆ ಕಲಿತಿತ್ತು. ಗುಳ್ಳೆಗಳಿಂದ ಲಾಭವೂ ಉಂಟು: ಅವು ಮೇಲೇರುವಾಗ ಕಣಗಳನ್ನು ಕಲಕುತ್ತವೆ, ಆದ್ದರಿಂದ ಹಾಸಿನ ಉದ್ದಗಲಕ್ಕೂ ಶಾಖ ಒಂದೇ ಸಮನಾಗಿರುತ್ತದೆ. ನಷ್ಟವೂ ಉಂಟು: ಗುಳ್ಳೆಯೊಳಗೆ ಸಿಕ್ಕ ಅನಿಲ ಕಣಗಳನ್ನು ಮುಟ್ಟದೆಯೇ ಪಾರಾಗಿ ಹೋಗುತ್ತದೆ.

ಆ ನಷ್ಟ ಎಷ್ಟು ದೊಡ್ಡದಾಗಬಹುದು ಎಂಬುದನ್ನು ಟೆಕ್ಸಾಸ್‌ನ ಬ್ರೌನ್ಸ್‌ವಿಲ್ ತೋರಿಸಿಕೊಟ್ಟಿತು. ಅಲ್ಲಿ 1950ರ ಸುಮಾರಿಗೆ ನೈಸರ್ಗಿಕ ಅನಿಲದಿಂದ ಪೆಟ್ರೋಲು ಮಾಡುವ ಕಾರ್ಥೇಜ್ ಹೈಡ್ರೊಕಾಲ್ ಕಾರ್ಖಾನೆ ಎದ್ದಿತು. ಸಣ್ಣ ಪ್ರಾಯೋಗಿಕ ಘಟಕದಲ್ಲಿ ಸಿಕ್ಕ ಫಲಿತಾಂಶ ದೊಡ್ಡ ಪಾತ್ರೆಯಲ್ಲಿ ಸಿಗಲಿಲ್ಲ. ಕಿರಿದಾದ ಕೊಳವೆಯಲ್ಲಿ ಗುಳ್ಳೆಗಳು ಬೆಳೆಯಲು ಎಡೆಯಿರಲಿಲ್ಲ, ಅಗಲವಾದ ಪಾತ್ರೆಯಲ್ಲಿ ಅವು ಬೇರೆಯದೇ ಗಾತ್ರಕ್ಕೆ ಬೆಳೆದು ಅನಿಲವನ್ನು ಹೊತ್ತೊಯ್ದವು. ಫ್ಲೂಯಿಡೈಸ್ಡ್ ಬೆಡ್‌ನ ಪಾಠ ಹೇಳುವವರು ಇಂದಿಗೂ ಉದಾಹರಿಸುವ ಸೋಲು ಇದು. ಈ ಸೋಲಿನ ತಿರುಳನ್ನು ಗಮನಿಸಬೇಕು. ಅನುಭವದಿಂದ ಪಡೆದ ಜ್ಞಾನ ತಾನು ಹುಟ್ಟಿದ ಗಾತ್ರದಾಚೆಗೆ ನಂಬಿಕೆಗೆ ಅರ್ಹವಲ್ಲ. ಗಾತ್ರ ಬದಲಾದಾಗ ಏನಾಗುತ್ತದೆ ಎಂದು ಹೇಳಬೇಕಾದರೆ ಗುಳ್ಳೆಯ ಹುಟ್ಟನ್ನೂ ಬೆಳವಣಿಗೆಯನ್ನೂ ಆಳುವ ನಿಯಮ ತಿಳಿದಿರಬೇಕು.

ನಿಯಮದ ಹುಡುಕಾಟ 1950ರ ದಶಕದಲ್ಲಿ ಬಿರುಸಾಯಿತು. 1952ರಲ್ಲಿ ಟೂಮಿ ಮತ್ತು ಜಾನ್‌ಸ್ಟನ್ ಒಂದು ಸರಳ ಚಿತ್ರ ಕೊಟ್ಟರು: ಹಾಸನ್ನು ಸಡಿಲಗೊಳಿಸಲು ಬೇಕಾದಷ್ಟು ಅನಿಲ ಕಣಗಳ ನಡುವೆ ಹಾಯುತ್ತದೆ, ಉಳಿದದ್ದೆಲ್ಲ ಗುಳ್ಳೆಯಾಗಿ ಹೋಗುತ್ತದೆ. ಕೇಂಬ್ರಿಜ್‌ನ ಜಾನ್ ಡೇವಿಡ್‌ಸನ್ 1961ರಲ್ಲಿ ಮೇಲೇರುತ್ತಿರುವ ಗುಳ್ಳೆಯ ಸುತ್ತ ಕಣಗಳು ಹೇಗೆ ಸರಿಯುತ್ತವೆ, ಅನಿಲ ಹೇಗೆ ಒಳಹೊಕ್ಕು ಹೊರಬರುತ್ತದೆ ಎಂಬುದನ್ನು ಗಣಿತದಲ್ಲಿ ಬಿಡಿಸಿಟ್ಟರು. ಹಾಸಿನ ಗುಳ್ಳೆ ಏರುವ ವೇಗ, ನೀರಿನಲ್ಲಿ ದೊಡ್ಡ ಗಾಳಿಗುಳ್ಳೆ ಏರುವ ವೇಗದ ನಿಯಮವನ್ನೇ ಅನುಸರಿಸುತ್ತದೆ ಎಂದೂ ತಿಳಿಯಿತು. ಆ ನಿಯಮವನ್ನು 1950ರಲ್ಲಿ ಡೇವಿಸ್ ಮತ್ತು ಜೆಫ್ರಿ ಟೇಲರ್ ಪ್ರಕಟಿಸಿದ್ದರು, ಟೇಲರ್ ಅದನ್ನೇ ಅಣುಬಾಂಬಿನ ಬೆಂಕಿಯುಂಡೆ ಮೇಲೇರುವುದಕ್ಕೂ ಅನ್ವಯಿಸಿದ್ದರು. ಹಾರ್ವೆಲ್‌ನಲ್ಲಿ ಪೀಟರ್ ರೋ ಮತ್ತು ಸಂಗಡಿಗರು ಕಂದು ಬಣ್ಣದ ನೈಟ್ರೊಜನ್ ಡೈಆಕ್ಸೈಡ್ ಅನಿಲದ ಗುಳ್ಳೆ ಬಿಟ್ಟು, ಅದು ತನ್ನ ಸುತ್ತ ಅನಿಲದ ಮೋಡವೊಂದನ್ನು ಹೊತ್ತು ಸಾಗುವುದನ್ನು ಫೋಟೊದಲ್ಲಿ ಹಿಡಿದರು. 1963ರಲ್ಲಿ ಡೇವಿಡ್‌ಸನ್ ಮತ್ತು ಹ್ಯಾರಿಸನ್ ಬರೆದ ಪುಸ್ತಕ ಇದನ್ನೆಲ್ಲ ಒಂದೆಡೆ ತಂದಿತು. ಇದು ದೊಡ್ಡ ಸಾಧನೆ. ಆದರೆ ಇದೆಲ್ಲವೂ ಹುಟ್ಟಿಯಾದ ಗುಳ್ಳೆಯ ಅಂಗರಚನೆ. ಗುಳ್ಳೆ ಇದೆ ಎಂದು ಮೊದಲೇ ಇಟ್ಟುಕೊಂಡು ಹೊರಡುವ ಲೆಕ್ಕ, ಅದು ಏಕೆ ಇದೆ ಎಂದು ಹೇಳಲಾರದು.

ಕಾರಣ ಸರಳವಲ್ಲವೇ, ತಳದ ತಟ್ಟೆಯ ತೂತುಗಳಿಂದ ಗಾಳಿ ನುಗ್ಗುವಾಗ ಗುಳ್ಳೆ ಊದಿಕೊಳ್ಳುತ್ತದೆ ಅಷ್ಟೇ ತಾನೆ ಎಂದು ಯಾರಾದರೂ ಕೇಳಬಹುದು. ತೂತಿನಿಂದ ಊದಿದ ಗುಳ್ಳೆಯ ವಿಜ್ಞಾನ ಆ ಹೊತ್ತಿಗೆ ಚೆನ್ನಾಗಿಯೇ ಬೆಳೆದಿತ್ತು, ಅದರಲ್ಲಿ ಬೆಂಗಳೂರಿನ ಪಾಲು ಹಿರಿದು. ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಕುಮಾರ್ ಮತ್ತು ಎನ್. ಆರ್. ಕೂಳೂರು ಅವರು ದ್ರವದೊಳಗೆ ಮುಳುಗಿದ ತೂತಿನ ಬಾಯಲ್ಲಿ ಗುಳ್ಳೆ ಮೊದಲು ಅಂಟಿಕೊಂಡೇ ಹಿಗ್ಗುತ್ತದೆ, ಆಮೇಲೆ ಕಳಚಿಕೊಳ್ಳುತ್ತದೆ ಎಂಬ ಎರಡು ಹಂತಗಳ ಸಿದ್ಧಾಂತ ಕಟ್ಟಿದರು. 1970ರಲ್ಲಿ ಪ್ರಕಟವಾದ ಅವರ ಸಮೀಕ್ಷಾ ಲೇಖನವನ್ನು ಈ ವಿಷಯದಲ್ಲಿ ಕೆಲಸ ಮಾಡುವವರು ಇಂದಿಗೂ ಆಧಾರವಾಗಿ ಬಳಸುತ್ತಾರೆ. ಅಂಥ ಗುಳ್ಳೆಗೆ ತೂತೇ ತವರು. ತೂತಿನ ಅಗಲ, ಹರಿವಿನ ಪ್ರಮಾಣ, ದ್ರವದ ಗುಣ ತಿಳಿದರೆ ಗುಳ್ಳೆಯ ಗಾತ್ರ ಹೇಳಬಹುದು. ಆದರೆ ಕಣಗಳ ಹಾಸಿನಲ್ಲಿ ಈ ವಿವರಣೆ ಪೂರ್ತಿಯಾಗಿ ನಿಲ್ಲುವುದಿಲ್ಲ. ತೂತುಗಳ ತಟ್ಟೆಯ ಬದಲು, ಎಲ್ಲ ಕಡೆಯಿಂದಲೂ ಸಮನಾಗಿ ಗಾಳಿ ಒಸರುವ ರಂಧ್ರಮಯ ತಟ್ಟೆ ಇಟ್ಟರೂ ಗುಳ್ಳೆಗಳು ಬರುತ್ತವೆ. ಊದುವವರಿಲ್ಲದೆ ಹುಟ್ಟುವ ಗುಳ್ಳೆಗೆ ಕಾರಣ ತಟ್ಟೆಯಲ್ಲಿರಲಾರದು, ಹಾಸಿನ ಒಳಗೇ ಇರಬೇಕು.

ಇನ್ನೊಂದು ವಿವರಣೆ ಇದಕ್ಕಿಂತ ಗಟ್ಟಿಯಾಗಿ ಬೇರುಬಿಟ್ಟಿತ್ತು. 1948ರಲ್ಲಿ ಪ್ರಿನ್ಸ್‌ಟನ್‌ನ ರಿಚರ್ಡ್ ವಿಲ್ಹೆಲ್ಮ್ ಮತ್ತು ಚೀನಾದಿಂದ ಬಂದಿದ್ದ ಮೂಸನ್ ಕ್ವಾಕ್ ಹಾಸುಗಳನ್ನು ಎರಡು ಜಾತಿಗಳಾಗಿ ವಿಂಗಡಿಸಿದರು: ಕಣ ಕಣವಾಗಿ ಹಿಗ್ಗುವ ನಯವಾದ ಹಾಸು, ಗುಂಪುಗೂಡಿ ಗುಳ್ಳೆಯೇಳುವ ಒರಟು ಹಾಸು. ಹರಿವಿನ ವೇಗ ಮತ್ತು ಕಣದ ಗಾತ್ರಗಳಿಂದ ಲೆಕ್ಕ ಹಾಕುವ ಫ್ರೌಡ್ ಸಂಖ್ಯೆ ಒಂದಕ್ಕಿಂತ ಕಡಿಮೆಯಿದ್ದರೆ ನಯ, ಹೆಚ್ಚಿದ್ದರೆ ಒರಟು ಎಂಬ ಅಳತೆಗೋಲನ್ನೂ ಕೊಟ್ಟರು. ವಿಂಗಡಣೆ ಉಪಯುಕ್ತವಾಗಿತ್ತು. ಆದರೆ ಬಳಕೆಯಲ್ಲಿ ಅದು ನಿಧಾನವಾಗಿ ವಿವರಣೆಯ ವೇಷ ತೊಟ್ಟಿತು. ಗಾಳಿಯ ಹಾಸು ಒರಟು ಜಾತಿಯದು, ಆದ್ದರಿಂದ ಗುಳ್ಳೆಯೇಳುತ್ತದೆ. ನೀರಿನದು ನಯ ಜಾತಿಯದು, ಆದ್ದರಿಂದ ಏಳುವುದಿಲ್ಲ. ಇದರಲ್ಲಿ ಪ್ರಶ್ನೆಯೇ ಉತ್ತರದ ರೂಪದಲ್ಲಿ ಮರಳಿ ಬಂದಿದೆ. ಅದೂ ಅಲ್ಲದೆ, ಜಾತಿಗಳ ನಡುವಿನ ಗೋಡೆ ಮೊದಲಿನಿಂದಲೇ ಬಿರುಕು ಬಿಟ್ಟಿತ್ತು. ಸೀಸದ ಗುಂಡುಗಳನ್ನು ನೀರಿನಲ್ಲಿ ತೇಲಿಸಿದಾಗ ಹಾಸು ಒರಟಾಗಿಯೇ ವರ್ತಿಸುತ್ತಿತ್ತು. ಪೆಟ್ರೋಲು ಘಟಕಗಳಲ್ಲಿ ಬಳಸುವಂಥ, ಸರಾಸರಿ ಅರವತ್ತು ಎಪ್ಪತ್ತು ಮೈಕ್ರಾನ್ ಗಾತ್ರದ ಪುಡಿಯನ್ನು ಗಾಳಿಯಲ್ಲಿ ತೇಲಿಸಿದಾಗ ಅದು ಗುಳ್ಳೆಯೇಳುವ ಮುನ್ನ ಸ್ವಲ್ಪ ದೂರ ನೀರಿನ ಹಾಸಿನಂತೆಯೇ ನಯವಾಗಿ ಹಿಗ್ಗುತ್ತಿತ್ತು. ಡೆರೆಕ್ ಗೆಲ್ಡಾರ್ಟ್ 1973ರಲ್ಲಿ ಮಾಡಿದ ಪ್ರಸಿದ್ಧ ವರ್ಗೀಕರಣದಲ್ಲಿ ಅಂಥ ಪುಡಿಗಳಿಗೆ ಪ್ರತ್ಯೇಕ ವರ್ಗವೇ ಇದೆ. ಒತ್ತಡ ಏರಿಸಿ ಅನಿಲವನ್ನು ದಟ್ಟಗೊಳಿಸಿದರೆ ಗುಳ್ಳೆಗಳ ಆರ್ಭಟ ತಗ್ಗುತ್ತಿತ್ತು. ಎರಡು ಜಾತಿಗಳಿದ್ದರೆ ನಡುವೆ ಇಷ್ಟೊಂದು ಮಂದಿ ಇರಬಾರದಾಗಿತ್ತು.

ಎರಡು ಜಾತಿಗಳ ವಿವರಣೆ ಕೊಟ್ಟಿದ್ದ ನೆಮ್ಮದಿಯನ್ನು ಕದಡಿದ್ದು ರಾಯ್ ಜಾಕ್ಸನ್ 1963ರಲ್ಲಿ ಪ್ರಕಟಿಸಿದ ಲೆಕ್ಕ. ಕಣಗಳ ಗುಂಪನ್ನು ಒಂದು ದ್ರವ, ಅವುಗಳ ನಡುವೆ ಹಾಯುವುದನ್ನು ಇನ್ನೊಂದು ದ್ರವ ಎಂದು ಭಾವಿಸಿ ಎರಡಕ್ಕೂ ಚಲನೆಯ ಸಮೀಕರಣ ಬರೆದು, ಎಲ್ಲೆಡೆ ಸಮನಾಗಿರುವ ಹಾಸಿನಲ್ಲಿ ಒಂದು ಪುಟ್ಟ ಏರುಪೇರು ಹುಟ್ಟಿದರೆ ಏನಾಗುತ್ತದೆ ಎಂದು ಅವರು ಕೇಳಿದರು. ಉತ್ತರ ಬೆಚ್ಚಿಬೀಳಿಸುವಂತಿತ್ತು: ಏರುಪೇರು ಬೆಳೆಯುತ್ತದೆ, ಗಾಳಿಯಲ್ಲೂ ಬೆಳೆಯುತ್ತದೆ, ನೀರಿನಲ್ಲೂ ಬೆಳೆಯುತ್ತದೆ. ಅದರ ತರ್ಕ ಹೀಗಿದೆ. ಕಣಗಳು ಒಂದೆಡೆ ತುಸು ವಿರಳವಾದರೆ ಆ ವಿರಳತೆ ಅಲೆಯಾಗಿ ಮೇಲಕ್ಕೆ ಸಾಗುತ್ತದೆ. ನದಿಯ ಪ್ರವಾಹವೂ ಹೆದ್ದಾರಿಯ ವಾಹನಗಳ ದಟ್ಟಣೆಯೂ ಹೀಗೆಯೇ ಅಲೆಯಾಗಿ ಸಾಗುತ್ತವೆ ಎಂದು ಲೈಟ್‌ಹಿಲ್ ಮತ್ತು ವಿದಮ್ 1955ರಲ್ಲೇ ತೋರಿಸಿದ್ದರು. ಅಲೆ ಬಂದಾಗ ಕಣಗಳು ಒಡನೆಯೇ ಹೊಸ ವೇಗಕ್ಕೆ ಹೊಂದಿಕೊಂಡರೆ ಅಲೆ ಹಾಗೆಯೇ ಹಾದುಹೋಗುತ್ತದೆ. ಆದರೆ ಕಣಗಳಿಗೆ ಜಡತ್ವವಿದೆ. ಅವು ಹೊಂದಿಕೊಳ್ಳುವುದು ತಡವಾಗುತ್ತದೆ, ಆ ತಡದಲ್ಲಿ ವಿರಳವಾದದ್ದು ಇನ್ನಷ್ಟು ವಿರಳವಾಗುತ್ತದೆ, ದಟ್ಟವಾದದ್ದು ಇನ್ನಷ್ಟು ದಟ್ಟವಾಗುತ್ತದೆ. ಹಾಗಿದ್ದರೆ ನೀರಿನ ಹಾಸು ನಯವಾಗಿ ಕಾಣುವುದೇಕೆ? ಬೆಳವಣಿಗೆಯ ವೇಗದಲ್ಲಿ ಅಂತರವಿದೆ. ಗಾಜಿನ ಮಣಿ ನೀರಿಗಿಂತ ಸುಮಾರು 2.5 ಪಟ್ಟು ಸಾಂದ್ರ, ಗಾಳಿಗಿಂತ ಸುಮಾರು 2000 ಪಟ್ಟು ಸಾಂದ್ರ. ನೀರಿನ ಸ್ನಿಗ್ಧತೆ ಗಾಳಿಯದಕ್ಕಿಂತ ಐವತ್ತು ಪಟ್ಟಿಗೂ ಹೆಚ್ಚು. ಗಾಳಿಯಲ್ಲಿ ಏರುಪೇರು ತಳದಿಂದ ಸ್ವಲ್ಪ ಮೇಲೇರುವಷ್ಟರಲ್ಲೇ ಗುಳ್ಳೆಯಾಗಿ ಬಿಟ್ಟಿರುತ್ತದೆ. ನೀರಿನಲ್ಲಿ ಅದು ಎಷ್ಟು ನಿಧಾನವಾಗಿ ಬೆಳೆಯುತ್ತದೆಂದರೆ, ಗಿಡ್ಡ ಹಾಸಿನಲ್ಲಿ ಕಣ್ಣಿಗೆ ಬೀಳುವ ಮೊದಲೇ ಮೇಲ್ಮೈ ಮುಟ್ಟಿಬಿಡುತ್ತದೆ.

ಇಲ್ಲಿಂದ ಮುಂದಿನ ಹೆಜ್ಜೆ ತರ್ಕಬದ್ಧವಾಗಿಯೇ ಬರುತ್ತದೆ. ಹುಟ್ಟನ್ನು ನೋಡಬೇಕಾದರೆ ಅದು ನಿಧಾನವಾಗಿ ನಡೆಯುವಲ್ಲಿಗೆ ಹೋಗಬೇಕು. ಆಂಡರ್ಸನ್ ಮತ್ತು ಜಾಕ್ಸನ್ 1960ರ ದಶಕದ ಕೊನೆಯಲ್ಲಿ ಕಿರಿದಾದ ಕೊಳವೆಯಲ್ಲಿ ನೀರಿನ ಹಾಸಿನ ಅಲೆಗಳನ್ನು ಅಳೆದು ಸಿದ್ಧಾಂತದೊಂದಿಗೆ ಹೋಲಿಸಿದ್ದರು. ಸ್ಟ್ಯಾನ್‌ಫರ್ಡ್ ಆ ದಾರಿಯನ್ನು ಅಗಲಗೊಳಿಸಿತು. 1962ರಲ್ಲಿ ಆಂಡ್ರಿಯಾಸ್ ಅಕ್ರಿವೊಸ್ ಕೊಲ್ಲಿಯಾಚೆಯ ಬರ್ಕ್ಲಿಯಿಂದ ಬಂದ ಮೇಲೆ ಸ್ಟ್ಯಾನ್‌ಫರ್ಡ್‌ನ ಕೆಮಿಕಲ್ ಎಂಜಿನಿಯರಿಂಗ್ ವಿಭಾಗ ದ್ರವಗಳ ಹರಿವನ್ನು ಮೂಲ ಸಮೀಕರಣಗಳಿಂದಲೇ ಅರಿಯುವ ಕೇಂದ್ರವಾಗಿ ಬೆಳೆದಿತ್ತು. ಬರ್ಕ್ಲಿಯಲ್ಲೇ ಪದವಿ ಓದಿದ್ದ ಜಾರ್ಜ್ ಹೋಮ್ಸಿ ಅಲ್ಲಿ ಅಧ್ಯಾಪಕರಾಗಿ ಅಸ್ಥಿರತೆಯ ಪ್ರಶ್ನೆಗಳನ್ನೇ ಕೈಗೆತ್ತಿಕೊಂಡರು. ಹೋಮ್ಸಿ ಮತ್ತು ಎಲ್-ಕೈಸಿ 1976ರಲ್ಲಿ ಪ್ರಕಟಿಸಿದ ಲೇಖನದ ಹೆಸರಿನಲ್ಲೇ ಅಸ್ಥಿರತೆಯ ಅಲೆಗಳು ಮತ್ತು ಗುಳ್ಳೆಗಳ ಮೂಲ ಎರಡೂ ಜೊತೆಯಾಗಿವೆ. ಗಾಜಿನ ಮಣಿಗಳ ಹಾಸಿಗೆ ನೀರು ಹಾಯಿಸಿ, ಅದರ ಮೂಲಕ ಬೆಳಕು ಬಿಟ್ಟು, ದಾಟಿ ಬಂದ ಬೆಳಕಿನ ಏರಿಳಿತದಿಂದ ಕಣಗಳು ಎಲ್ಲಿ ವಿರಳ, ಎಲ್ಲಿ ದಟ್ಟ ಎಂದು ಅಳೆದರು. ಹಾಸು ಕಿರಿದಾದ ಕೊಳವೆಯಾಗಿರದೆ ಅಗಲವಾಗಿದ್ದುದು ಮುಖ್ಯ. ತಳದ ಬಳಿ ಸಣ್ಣ ಅಲೆಗಳು ಹುಟ್ಟುತ್ತವೆ, ಸಿದ್ಧಾಂತ ಹೇಳಿದಂತೆ ಏರುತ್ತ ಏರುತ್ತ ಹಲವು ಪಟ್ಟು ಬೆಳೆಯುತ್ತವೆ, ಮೊದಮೊದಲು ಹಾಸಿನ ಅಗಲಕ್ಕೂ ಚಪ್ಪಟೆಯಾಗಿರುತ್ತವೆ. ಆಮೇಲೆ ಆ ಚಪ್ಪಟೆ ಅಲೆಗಳು ಅಡ್ಡಗಲದಲ್ಲಿ ಬಾಗಿ ಮುರಿಯುತ್ತವೆ, ವಿರಳತೆ ಅಲ್ಲಲ್ಲಿ ಮಡುಗಟ್ಟುತ್ತದೆ, ಗುಳ್ಳೆಯ ಚಹರೆ ಮೂಡುತ್ತದೆ. ಐದು ವರ್ಷಗಳ ನಂತರ ಅಂಜನಿ ದಿದ್ವಾನಿಯಾ ಮತ್ತು ಹೋಮ್ಸಿ ನೀರಿನ ಹಾಸಿನಲ್ಲಿ ನಾಲ್ಕು ಸ್ಥಿತಿಗಳನ್ನು ಗುರುತಿಸಿದರು: ಬರೀ ಅಲೆ, ಅಡ್ಡರಚನೆ ಪಡೆದ ಅಲೆ, ಸೂಕ್ಷ್ಮವಾದ ಕಲಕಾಟ, ಮತ್ತು ಗುಳ್ಳೆ. ನಯ ಜಾತಿಯದೆಂದು ಪಕ್ಕಕ್ಕಿಟ್ಟಿದ್ದ ಹಾಸಿನಲ್ಲೇ ಗುಳ್ಳೆಯ ಪೂರ್ವಜರ ಸಾಲು ಸಿಕ್ಕಿತು.

ಇದಕ್ಕೆ ಆಕ್ಷೇಪಗಳಿವೆ, ಅವು ಕಡೆಗಣಿಸುವಂಥವಲ್ಲ. ಮೊದಲನೆಯದು, ಕೀರ್ತಿಯ ಬಹುಪಾಲು ಜಾಕ್ಸನ್‌ಗೆ ಸಲ್ಲಬೇಕು, ಸ್ಟ್ಯಾನ್‌ಫರ್ಡ್ ಮಾಡಿದ್ದು ಅವರ ಲೆಕ್ಕದ ಪರೀಕ್ಷೆ ಮಾತ್ರ ಎಂಬುದು. ಅಲೆ ಬೆಳೆಯುತ್ತದೆ ಎಂಬ ಅರಿವು ಜಾಕ್ಸನ್ ಅವರದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಬೆಳೆಯುವ ಅಲೆ ಇನ್ನೂ ಗುಳ್ಳೆಯಲ್ಲ. ಅಡ್ಡಗಲದಲ್ಲಿ ಒಡೆಯದ ಅಲೆ ಎಷ್ಟೇ ಬೆಳೆದರೂ ದಟ್ಟ ಪದರ, ವಿರಳ ಪದರಗಳ ಮೆರವಣಿಗೆಯಾಗಿ ಉಳಿಯುತ್ತದೆ. ಕಿರಿದಾದ ಕೊಳವೆಯಲ್ಲಿ ಅದು ಒಡೆಯಲು ಜಾಗವಿಲ್ಲ. ಅಗಲದ ಹಾಸಿನಲ್ಲಿ ಅಲೆಯಿಂದ ಗುಳ್ಳೆಯತ್ತ ಸಾಗುವ ನಡುವಣ ಹೆಜ್ಜೆಯನ್ನು ತೋರಿಸಿದ್ದೇ ಸ್ಟ್ಯಾನ್‌ಫರ್ಡ್‌ನ ಕೊಡುಗೆ. ಎರಡನೆಯ ಆಕ್ಷೇಪ ಹೆಚ್ಚು ತೀಕ್ಷ್ಣ. ಸಮೀಕರಣಗಳಲ್ಲಿ ಕಣಗಳ ಗುಂಪಿನೊಳಗಿನ ಒತ್ತಡ, ಜಿಗುಟು ಎಂಬ ರಾಶಿಗಳಿವೆ. ಅವನ್ನು ನೇರವಾಗಿ ಅಳೆಯುವ ದಾರಿ ಇರಲಿಲ್ಲ, ಅಳೆದ ಅಲೆಗಳಿಂದಲೇ ಹಿಂದಕ್ಕೆ ಲೆಕ್ಕ ಹಾಕಬೇಕಾಯಿತು. ಬೇಕಾದಂತೆ ಹೊಂದಿಸಿಕೊಂಡ ಅಂಕಿಗಳಿಂದ ಸಿದ್ಧಾಂತ ಸರಿಯಾದರೆ ಅದು ಪುರಾವೆಯೇ? 1980ರಲ್ಲಿ ಸಿದ್ಧಾಂತದೊಂದಿಗೆ ಹೋಲಿಕೆ ಮಾಡಿದಾಗ ಹೋಮ್ಸಿ ತಂಡ ಎದುರಿಸಿದ್ದು ಈ ತೊಡಕನ್ನೇ. ಕೇಂಬ್ರಿಜ್‌ನ ಜಾರ್ಜ್ ಬ್ಯಾಚಲರ್ 1988ರಲ್ಲಿ ಅಸ್ಥಿರತೆಯ ಸಿದ್ಧಾಂತವನ್ನು ಬೇರೆ ನೆಲೆಯಿಂದ ಕಟ್ಟಿದರು. ಹೋಮ್ಸಿಯೂ ಪಾಲುಗೊಂಡ 1990ರ ಇನ್ನೊಂದು ಪ್ರಯೋಗ, ಸಣ್ಣ ಕಣಗಳ ನೀರಿನ ಹಾಸು ಒಂದು ಮಿತಿಯವರೆಗೆ ನಿಜವಾಗಿಯೂ ಸ್ಥಿರವಾಗಿರುತ್ತದೆ, ಮಿತಿ ದಾಟಿದಾಗ ಮಾತ್ರ ಅಲೆ ಹುಟ್ಟುತ್ತದೆ ಎಂದು ತೋರಿಸಿತು. ಅಂದರೆ 1963ರ ಮಾತು ತಿದ್ದುಪಡಿಗೆ ಒಳಗಾಯಿತು: ಎಲ್ಲ ಹಾಸೂ ಯಾವಾಗಲೂ ಅಸ್ಥಿರವಲ್ಲ. ಆದರೆ ಈ ತಿದ್ದುಪಡಿಯಿಂದ ಎರಡು ಜಾತಿಗಳ ವಾದಕ್ಕೆ ಜೀವ ಬರುವುದಿಲ್ಲ. ಒಂದೇ ವಸ್ತುವಿನ ಒಂದೇ ಹಾಸು ಮಿತಿಯ ಈಚೆ ನಯವಾಗಿಯೂ ಆಚೆ ಅಲೆಯಾಗಿಯೂ ಇರುತ್ತದೆಂದರೆ ಜಾತಿಯ ಮಾತೇ ಬಿದ್ದುಹೋಗುತ್ತದೆ.

ಮೂರನೆಯ ಆಕ್ಷೇಪವೇ ಎಲ್ಲಕ್ಕಿಂತ ದೊಡ್ಡದು. ನೀರಿನ ಹಾಸಿನಲ್ಲಿ ಕಂಡ ಮಸುಕಾದ ವಿರಳ ತಾಣ ಒಂದು ಸಂಗತಿ, ಗಾಳಿಯ ಹಾಸಿನ ಕಣವೇ ಇಲ್ಲದ ತುಂಬು ಗುಳ್ಳೆ ಇನ್ನೊಂದು. ಒಂದನ್ನು ನೋಡಿ ಇನ್ನೊಂದರ ಹುಟ್ಟು ಹೇಳುವುದು ಸರಿಯೇ? ಗಾಳಿಯ ಹಾಸಿನಲ್ಲಿ ಹುಟ್ಟು ಅಷ್ಟು ಬೇಗ ಮುಗಿಯುವುದರಿಂದ ಪ್ರಯೋಗದಿಂದ ಇದಕ್ಕೆ ಉತ್ತರ ಸಿಗುವುದು ಕಷ್ಟವಿತ್ತು. ಉತ್ತರ ಬಂದದ್ದು ಕಂಪ್ಯೂಟರಿನಿಂದ. 1995ರಲ್ಲಿ ಕೆ. ಆಂಡರ್ಸನ್, ಶಂಕರನ್ ಸುಂದರೇಶನ್ ಮತ್ತು ಜಾಕ್ಸನ್ ಒಂದೇ ಸಮೀಕರಣಗಳನ್ನು ಎರಡು ಹಾಸುಗಳಿಗೆ ಬಿಡಿಸಿದರು: 200 ಮೈಕ್ರಾನ್ ಗಾಜಿನ ಮಣಿಗಳ ಗಾಳಿಯ ಹಾಸು, 1 ಮಿಲಿಮೀಟರ್ ಮಣಿಗಳ ನೀರಿನ ಹಾಸು. ಎರಡರಲ್ಲೂ ಚಪ್ಪಟೆ ಅಲೆ ಬೆಳೆಯಿತು, ಎರಡರಲ್ಲೂ ಅಡ್ಡಗಲದಲ್ಲಿ ಅಸ್ಥಿರಗೊಂಡಿತು. ಗಾಳಿಯ ಹಾಸಿನಲ್ಲಿ ಅಲ್ಲಿಂದ ಮುಂದೆ ಪೂರ್ಣ ಗುಳ್ಳೆ ಮೂಡಿತು. ನೀರಿನ ಹಾಸಿನಲ್ಲಿ ಅದೇ ದಾರಿ ಹಿಡಿದ ವಿರಳ ತಾಣ ಗುಳ್ಳೆಯಾಗುವ ಮುನ್ನ ಸೊರಗಿತು. ಎರಡು ವರ್ಷದ ನಂತರ ಗ್ಲಾಸರ್, ಕೆವ್ರೆಕಿಡಿಸ್ ಮತ್ತು ಸುಂದರೇಶನ್ ಗುಳ್ಳೆಯೇಳುವ ಹಾಸು, ಏಳದ ಹಾಸು ಎರಡೂ ಒಂದೇ ಬಗೆಯ ಪರಿಹಾರಗಳ ಮರದ ಕೊಂಬೆಗಳೆಂದೂ, ಅಂತರವಿರುವುದು ಅಲೆಯ ಎತ್ತರದಲ್ಲೆಂದೂ ತೋರಿಸಿದರು. ಚಪ್ಪಟೆ ಅಲೆ ಒಡೆಯುವುದೇಕೆ ಎಂಬುದಕ್ಕೂ ಸ್ಪಷ್ಟ ಉತ್ತರ ಸಿಕ್ಕಿತು. ಅಲೆ ಬಲಿತಾಗ ದಟ್ಟವಾದ ಪದರ ವಿರಳವಾದ ಪದರದ ಮೇಲೆ ಕೂರುತ್ತದೆ. ಹಗುರದ ಮೇಲೆ ಭಾರ ಬಹಳ ಹೊತ್ತು ನಿಲ್ಲುವುದಿಲ್ಲ, ಅದು ಅಲ್ಲಲ್ಲಿ ಕುಸಿಯುತ್ತದೆ, ಕುಸಿದ ಎಡೆಗಳ ನಡುವೆ ಹಗುರವಾದದ್ದು ಉಂಡೆಗಟ್ಟಿ ಮೇಲೇಳುತ್ತದೆ. ಬ್ಯಾಚಲರ್ ಮತ್ತು ನಿಚೆ 1990ರ ದಶಕದ ಆರಂಭದಲ್ಲಿ ಸೂಚಿಸಿದ್ದ ಈ ಗುರುತ್ವದ ಮಗುಚಾಟವನ್ನು 2002ರಲ್ಲಿ ಫ್ರಾನ್ಸಿನ ಮಾರ್ಸೆಯಲ್ಲಿ ದ್ಯುರ್ಯು ಮತ್ತು ಎಲಿಸಬೆತ್ ಗುವಾಜೆಲಿ ನೀರಿನ ಹಾಸುಗಳಲ್ಲಿ ಪ್ರಯೋಗದಿಂದ ಪರಿಶೀಲಿಸಿದರು. ಗುಳ್ಳೆ ಎರಡನೆಯ ಅಸ್ಥಿರತೆಯ ಕೂಸು, ಮೊದಲನೆಯದು ಅಲೆ. ಈ ಕ್ರಮವನ್ನು ಕಣ್ಣಿಂದ ಮೊದಲು ಕಂಡದ್ದು ಸ್ಟ್ಯಾನ್‌ಫರ್ಡ್‌ನ ಅಗಲ ಹಾಸಿನಲ್ಲಿ.

ಇಷ್ಟಾದರೂ, ಇದರಿಂದ ಏನು ಬಂತು ಎಂದು ಕಾರ್ಖಾನೆಯವರು ಕೇಳಬಹುದು. ಪೆಟ್ರೋಲು ಘಟಕಗಳು 1942ರಿಂದ ನಡೆಯುತ್ತಲೇ ಇವೆ, ಅವನ್ನು ಕಟ್ಟಿದವರು ಈ ಲೇಖನಗಳನ್ನು ಓದಿ ಕಟ್ಟಲಿಲ್ಲ. ಮಾತು ನಿಜ. ಆದರೆ ಅವು ಪ್ರತಿ ಸಲವೂ ಹಿಂದಿನ ಘಟಕದ ಅನುಭವದ ಮೇಲೆ ಸ್ವಲ್ಪ ಸ್ವಲ್ಪವೇ ಬೆಳೆದವು. ಹೊಸ ಕೆಲಸಕ್ಕೆ ಹಾಸನ್ನು ತಂದಾಗ ಅನುಭವ ಕೈಕೊಡುತ್ತದೆ, ಬ್ರೌನ್ಸ್‌ವಿಲ್ ಅದಕ್ಕೆ ಸಾಕ್ಷಿ. 1972ರಲ್ಲಿ ಸ್ಥಾಪನೆಯಾಗಿ ಸ್ಟ್ಯಾನ್‌ಫರ್ಡ್‌ನ ನೆರೆಯ ಪ್ಯಾಲೊ ಆಲ್ಟೊದಲ್ಲಿ ನೆಲೆಸಿದ ವಿದ್ಯುತ್ ಸಂಶೋಧನಾ ಸಂಸ್ಥೆ, ಇಪಿಆರ್‌ಐ, ಕಲ್ಲಿದ್ದಲನ್ನು ಇಂಥ ಹಾಸಿನಲ್ಲಿ ಸುಡುವ ವಿಧಾನಕ್ಕೆ ಟೆನೆಸಿ ವ್ಯಾಲಿ ಅಥಾರಿಟಿಯೊಂದಿಗೆ ಕೈಜೋಡಿಸಿತು. 1980ರ ದಶಕದಲ್ಲಿ ಕೆಂಟಕಿಯ ಪಡೂಕಾ ಬಳಿ ನಡೆದ ಅವರ ಪ್ರಾಯೋಗಿಕ ಘಟಕ 20 ಮೆಗಾವಾಟ್ ಗಾತ್ರದ್ದು. ಪ್ರಯೋಗಶಾಲೆಯಿಂದ ನೇರವಾಗಿ ಪೂರ್ಣ ಗಾತ್ರಕ್ಕೆ ಜಿಗಿಯದೆ ನಡುವೆ ಇಷ್ಟು ದೊಡ್ಡ ಘಟಕ ಕಟ್ಟಬೇಕಾದದ್ದು, ಗಾತ್ರದೊಂದಿಗೆ ಹಾಸಿನ ನಡವಳಿಕೆ ಬದಲಾಗುತ್ತದೆ ಎಂಬ ಭಯದಿಂದಲೇ. ಇಂದು ಎಂಜಿನಿಯರುಗಳು ದೊಡ್ಡ ಹಾಸುಗಳನ್ನು ಕಂಪ್ಯೂಟರಿನಲ್ಲಿ ಮೊದಲೇ ನಡೆಸಿ ನೋಡುತ್ತಾರೆ. ಆ ಲೆಕ್ಕಗಳ ಬೆನ್ನೆಲುಬು ಆಂಡರ್ಸನ್ ಮತ್ತು ಜಾಕ್ಸನ್ ಬರೆದ ಮಾದರಿಯ ಎರಡು ದ್ರವಗಳ ಸಮೀಕರಣಗಳು. ಆ ಸಮೀಕರಣಗಳನ್ನು ನಂಬಬಹುದೇ ಎಂಬುದನ್ನು ಪರೀಕ್ಷಿಸುವ ಅತಿ ನೇರವಾದ ಕಡೆ, ಅವು ಹೇಳುವ ಅಲೆ ಹೇಳಿದಂತೆಯೇ ಬೆಳೆಯುತ್ತದೆಯೇ ಎಂದು ನೋಡುವ ನೀರಿನ ಹಾಸು.

ನೀರು ಮತ್ತು ಮರಳಿನ ಹಾಸು ಪ್ರಯೋಗಶಾಲೆಯ ಆಟಿಕೆ ಎಂದು ಯಾರಿಗಾದರೂ ತೋರಿದರೆ, ಅದೇ ಕೊಲ್ಲಿಯ ದಂಡೆಯಲ್ಲಿ ನಡೆದ ಒಂದು ಘಟನೆ ಆ ಭ್ರಮೆ ಬಿಡಿಸಬೇಕು. ಸ್ಯಾನ್ ಫ್ರಾನ್ಸಿಸ್ಕೊದ ಮರೀನಾ ಬಡಾವಣೆಯ ಒಂದು ಭಾಗ, 1915ರ ಪನಾಮಾ–ಪೆಸಿಫಿಕ್ ಜಾಗತಿಕ ಪ್ರದರ್ಶನಕ್ಕಾಗಿ ಮರಳನ್ನು ನೀರಿನೊಂದಿಗೆ ಪಂಪು ಮಾಡಿ ತುಂಬಿಸಿದ ನೆಲ. 1989ರ ಅಕ್ಟೋಬರ್ 17ರ ಸಂಜೆ 5 ಗಂಟೆ 4 ನಿಮಿಷಕ್ಕೆ, ಸುಮಾರು ನೂರು ಕಿಲೋಮೀಟರ್ ದೂರದ ಲೋಮಾ ಪ್ರಿಯೆಟಾದಲ್ಲಿ 6.9 ತೀವ್ರತೆಯ ಭೂಕಂಪವಾದಾಗ ಆ ಸಡಿಲ ಮರಳು ಕುಲುಕಿ, ನಡುವಿನ ನೀರಿನ ಒತ್ತಡ ಏರಿ, ನೆಲ ಭಾರ ಹೊರುವ ಬಲ ಕಳೆದುಕೊಂಡಿತು. ನೀರು ಮೇಲಕ್ಕೆ ಹೊರಬಿದ್ದದ್ದು ನೆಲದ ಎಲ್ಲ ಕಡೆಯಿಂದಲೂ ಸಮನಾಗಿ ಅಲ್ಲ. ಅಲ್ಲಲ್ಲಿ ದಾರಿ ಮಾಡಿಕೊಂಡು ಮರಳಿನ ಬುಗ್ಗೆಗಳಾಗಿ ಚಿಮ್ಮಿತು. 1906ರ ಭೂಕಂಪ ಮತ್ತು ಬೆಂಕಿಯಲ್ಲಿ ಸುಟ್ಟ ಮರದ ಚೂರುಗಳು ಕೂಡ ಆ ಬುಗ್ಗೆಗಳೊಂದಿಗೆ ಮೇಲೆ ಬಂದವು. ಇಲ್ಲಿನ ಕಾರಣಗಳು ಸ್ಟ್ಯಾನ್‌ಫರ್ಡ್‌ನ ಹಾಸಿನ ಕಾರಣಗಳೇ ಎನ್ನಲಾಗದು: ಇಲ್ಲಿ ಹರಿವನ್ನು ಹುಟ್ಟಿಸಿದ್ದು ಭೂಮಿಯ ಅದುರು, ನೀರು ದಾರಿ ಆರಿಸಿಕೊಂಡದ್ದು ಮೇಲ್ಪದರದ ದುರ್ಬಲ ಎಡೆಗಳಲ್ಲಿ. ಆದರೆ ಮರಳನ್ನು ಹೊತ್ತು ಮೇಲೇರುವ ನೀರು ಸಮತೆಯನ್ನು ಸುಲಭವಾಗಿ ಉಳಿಸಿಕೊಳ್ಳುವುದಿಲ್ಲ ಎಂಬ ಮಾತು ಎರಡಕ್ಕೂ ಸಲ್ಲುತ್ತದೆ. ನೀರು ಶಾಂತ, ಗಾಳಿ ಪುಂಡ ಎಂಬ ಹಳೆಯ ವಿಂಗಡಣೆಯನ್ನು ನಂಬಿ ಮನೆ ಕಟ್ಟುವಂತಿಲ್ಲ.

ಈ ಇತಿಹಾಸದಿಂದ ಒಂದು ತೀರ್ಪು ಹೊರಡುತ್ತದೆ. ಯುದ್ಧದ ತುರ್ತು, ತೈಲದ ಹಣ, ದೊಡ್ಡ ಕಂಪನಿಗಳ ಪರಿಣತಿ ಎಲ್ಲವೂ ಇದ್ದ ಗಾಳಿಯ ಹಾಸುಗಳಿಂದ ಮೂರು ದಶಕಗಳಲ್ಲಿ ಗುಳ್ಳೆಯ ವೇಗ, ಆಕಾರ, ಒಳಹರಿವು ತಿಳಿದವು, ಹುಟ್ಟು ತಿಳಿಯಲಿಲ್ಲ. ಉಪಯೋಗವಿಲ್ಲವೆಂದು ಕಡೆಗಣಿಸಿದ್ದ ನೀರಿನ ಹಾಸಿನಲ್ಲಿ, ಗಾಜಿನ ಮಣಿ ಮತ್ತು ಬೆಳಕಿನ ಕಿರಣವಷ್ಟೇ ಇಟ್ಟುಕೊಂಡು ಕೆಲಸ ಮಾಡಿದ ಒಂದು ಸಣ್ಣ ಗುಂಪು ಆ ಹುಟ್ಟಿನ ಹೆಜ್ಜೆಗಳನ್ನು ಕಂಡಿತು, ಕಂಪ್ಯೂಟರಿನ ಲೆಕ್ಕ ಎರಡು ದಶಕದ ನಂತರ ಅದನ್ನು ಎತ್ತಿಹಿಡಿಯಿತು. ಸಂಶೋಧನೆಗೆ ಹಣ ಹಂಚುವವರು, ವಿಶೇಷವಾಗಿ ನಮ್ಮ ವಿಶ್ವವಿದ್ಯಾಲಯಗಳಲ್ಲಿ ಪ್ರಯೋಗವನ್ನು ಅದರ ತಕ್ಷಣದ ಉಪಯೋಗದಿಂದ ಅಳೆಯುವವರು, ಇದನ್ನು ನೆನಪಿಡಬೇಕು. ಕೈಗಾರಿಕೆಯ ಕಷ್ಟದ ಪ್ರಶ್ನೆಗೆ ಉತ್ತರ ಕೈಗಾರಿಕೆಯ ಯಂತ್ರದೊಳಗೇ ಸಿಗಬೇಕೆಂಬ ನಿಯಮವಿಲ್ಲ. ಅದೇ ನಿಯಮ ನಿಧಾನವಾಗಿ ನಡೆಯುವ ಇನ್ನೊಂದು ವಸ್ತುವನ್ನು ಹುಡುಕಿ, ಅದನ್ನು ಸರಿಯಾಗಿ ಅಳೆಯುವವರಿಗೂ ಹಣ ಮತ್ತು ಕಾಲ ಕೊಡಬೇಕು.